ಬಾಯಿಗೆ ಹೋದ ಮಣ್ಣಿನ ಲೆಕ್ಕ

ಹಳೆ ಬ್ಯಾಟರಿ ಕಾರ್ಖಾನೆಯ ಹಿಂದಿನ ಮನೆ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ಕೈ ನಡುಕ ಹೇಗಿದೆ? ಹೊಟ್ಟೆನೋವು ಇಳಿಯಿತೇ? ಅತ್ತಿಗೆ ಬಡಿಸಿದ್ದನ್ನು ಬೇಡ ಎನ್ನದೆ ತಿನ್ನಿ. ಸ್ವಂತ ಅಕ್ಕನ ಮನೆಯಲ್ಲಿ ಎಂಥ ಬಿಗುಮಾನ? ಮಗಳು ಚೆನ್ನಾಗಿದ್ದಾಳೆ. ನಿಮ್ಮ ಜಾಗದಲ್ಲಿ ಕಾಲು ಚಾಚಿ ಮಲಗುತ್ತಾಳೆ.

ಇಲ್ಲಿ ನಡೆದದ್ದು ಕೇಳಿ. ಕಾರ್ಖಾನೆ ಅಂಗಳದ ಸೀಸ ಬೆರೆತ ಮಣ್ಣನ್ನು ಅಗೆದು ತೆಗೆಯುವ ನಮ್ಮ ಬಾಯಿಗೆ ದಿನಕ್ಕೆ ಎಷ್ಟು ಮಣ್ಣು ಹೋಗುತ್ತದೆ ಎಂದು ಅಂದಾಜು ಮಾಡಲು ಆರೋಗ್ಯ ಇಲಾಖೆಯ ಒಬ್ಬರು ಮೇಡಂ ಕಳೆದ ವಾರದಿಂದ ಬರುತ್ತಿದ್ದಾರೆ. ನಿಮ್ಮ ರಕ್ತದಲ್ಲಿ ಕಂಡ ಸೀಸ ಈ ಮಣ್ಣಿನದೋ ಅಲ್ಲವೋ ಎಂಬುದು ಆ ಅಂದಾಜಿನ ಮೇಲೆ ನಿಂತಿದೆ. ಮೇಸ್ತ್ರಿ ಬೆಳಿಗ್ಗೆಯೇ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಎಲ್ರೂ ಗ್ಲೌಸ್ ಹಾಕ್ತೀವಿ, ಒಂದು ಕಣಾನೂ ಬಾಯಿಗೆ ಹೋಗಲ್ಲ ಅನ್ನಿ" ಎಂದು ಪಾಠ ಹೇಳಿಕೊಟ್ಟ. ನಿಮ್ಮ ಮಾತು ಬಂದಾಗ, "ಅವನದು ಸಿಗರೇಟಿನ ಕಾಯಿಲೆ ಬಿಡಿ" ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಸಿಗರೇಟಿನ ಬಗ್ಗೆ ಜಗಳವಾಡುವ ಹಕ್ಕು ನನ್ನದು, ಅವನದಲ್ಲ!

ಎಲ್ಲರೂ ಗಿಣಿಪಾಠ ಒಪ್ಪಿಸಿದರು, ಮೇಡಂ ಸೊನ್ನೆ ಬರೆಯುತ್ತಾ ಬಂದರು. ನನ್ನ ಸರದಿ ಬಂದಾಗ, "ಮೊದ್ಲು ಮೇಸ್ತ್ರಿ ಗ್ಲೌಸ್ ಬಿಚ್ಚಲಿ, ನೀವೇ ನೋಡಿ" ಎಂದೆ. ಅದುವರೆಗೆ ಗುಂಡಿಯ ಹತ್ತಿರ ಮಣ್ಣಿನ ಮೂಟೆ ಸರಿಸುತ್ತಿದ್ದವನು ಠೀವಿಯಿಂದ ಬಂದು, ಮಣ್ಣು ಮೆತ್ತಿದ ಗ್ಲೌಸಿನ ಬೆರಳ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಎಳೆದ! ನಾವೆಲ್ಲ ದಿನಕ್ಕೆ ಹತ್ತು ಸಲ ಮಾಡುವುದೂ ಅದನ್ನೇ. ನೀವೂ ಹಾಗೇ ತೆಗೆಯುತ್ತಿದ್ದಿರಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವನದು ನಿಂತಲ್ಲೇ ಮೀಸೆ ಮಣ್ಣಾಯಿತು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಬರೆದ ಸೊನ್ನೆಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಮೊದಲಿನಿಂದ ಕೇಳತೊಡಗಿದರು.

ಮೇಸ್ತ್ರಿ ನನಗೆ ನಾಳೆಯಿಂದ ಬರಬೇಡ ಎಂದಿದ್ದಾನೆ. ಹೋಗಿಯೇ ಹೋಗುತ್ತೇನೆ, ತಡೆಯಲಿ ನೋಡೋಣ. ನೀವು ಗಾಬರಿಯಾಗಬೇಡಿ, ನನಗೇನೂ ಭಯವಿಲ್ಲ.

ಅತ್ತಿಗೆಗೆ ನಮಸ್ಕಾರ, ಅವರ ಮಕ್ಕಳಿಗೆ ಮುತ್ತು.

ನಿಮ್ಮ
ಜಗಳಗಂಟಿ

ತಾ.ಕ.: ಮೇಡಂ ಕಳೆದ ವಾರ ನನ್ನ ರಕ್ತವನ್ನೂ ತೆಗೆಸಿದ್ದರು. ಇವತ್ತು ಸಂಜೆ ಚೀಟಿ ಬಂತು. ಸೀಸ ಇದೆ, ನಿಮಗಿದ್ದಷ್ಟೇ. ನಾನು ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಈ ಕೆಲಸ ಹಿಡಿದ ಕಂಟ್ರಾಕ್ಟರನ ಕಡೆಯವರು ಸಿಗರೇಟಿನಿಂದಲೇ ಕಾಯಿಲೆ ಎಂದು ಬರೆದ ಕಾಗದ ತಂದರೆ ಸಹಿ ಹಾಕಬೇಡಿ. ಮೇಡಂ ಗುರುವಾರ ಲೆಕ್ಕ ಮುಗಿಸುತ್ತಾರಂತೆ, ಅದರೊಳಗೆ ಬಂದುಬಿಡಿ, ಇಬ್ಬರ ಚೀಟಿಯನ್ನೂ ಹಿಡಿದು ಒಟ್ಟಿಗೇ ಗೇಟಿನ ಮುಂದೆ ನಿಲ್ಲೋಣ.