ದೋಣಿ ಮುಟ್ಟಿದ್ದಕ್ಕೆ ಬೆಲ್ಲ

ಮೈಸೂರು, ೧೯೬೪

ಉಮ್ಮಾ,

ನೀನು ತೀರಿಹೋಗಿ ಎರಡು ವರ್ಷವಾಯಿತು. ಇದ್ದಿದ್ದರೂ ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಹೇಳದೆ ಇರಲಾರೆ. ಇವತ್ತು ಮನಶ್ಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಪಾರಿವಾಳಕ್ಕೆ ಗಂಟೆ ಬಾರಿಸಲು ಕಲಿಸಿದೆ. ಗಂಟೆಯ ಕಡೆ ತಿರುಗಿದರೆ ಒಂದು ಕಾಳು, ಹತ್ತಿರ ಹೋದರೆ ಇನ್ನೊಂದು. ಕೊನೆಗೆ ಅದು ತಾನಾಗಿಯೇ ಕೊಕ್ಕಿನಿಂದ ಗಂಟೆ ಬಾರಿಸಿದಾಗ ನನಗೆ ನೀನು ಕೊಡುತ್ತಿದ್ದ ಬೆಲ್ಲ ನೆನಪಾಯಿತು.

ನರಿಕೊಂಬಿನ ಹೊಳೆಯ ಕಡವಿನಲ್ಲಿ ದೋಣಿ ಕಂಡರೆ ಕಿರುಚುತ್ತಿದ್ದ ನನ್ನನ್ನು ನೀನು ಒಂದು ದಿನವೂ ಎಳೆದು ಹತ್ತಿಸಲಿಲ್ಲ. ಮೊದಲ ದಿನ ದೋಣಿ ಮುಟ್ಟಿದ್ದಕ್ಕೆ ಬೆಲ್ಲ, ಮರುದಿನ ಕಟ್ಟಿಹಾಕಿದ ದೋಣಿಯಲ್ಲಿ ಕುಳಿತದ್ದಕ್ಕೆ ಬೆಲ್ಲ. “ಇವತ್ತಿಗೆ ಇಷ್ಟು ಸಾಕು ಮಗಾ, ನಾಳೆ ನೋಡುವ” ಎನ್ನುತ್ತಿದ್ದೆ. ಹತ್ತನೆಯ ದಿನ ನಾನು ಹೊಳೆ ದಾಟಿ ಶಾಲೆಗೆ ಹೋದೆ.

“ಇಷ್ಟು ಚೆನ್ನಾಗಿ ಕಲಿಸುವುದನ್ನು ಎಲ್ಲಿ ಕಲಿತಿರಿ, ಶುಕೂರ್?” ಎಂದು ಇವತ್ತು ಪ್ರೊಫೆಸರು ಎಲ್ಲರೆದುರು ಕೇಳಿದರು.

“ಪುಸ್ತಕದಲ್ಲಿ ಸಾರ್” ಎಂದೆ.