ಅಲಬಾಮಾಗೆ ಹೋಗದ ಅಣ್ಣನಿಗೆ

ರಾಸ್ಕೋ ಅಣ್ಣಾ,

ಸತ್ತ ಮೇಲೆ ನಿನಗೆ ಮರ್ಯಾದೆ ಬಂದಿದೆ. ಇವತ್ತು ನಮ್ಮ ಡೆಟ್ರಾಯಿಟ್ ಚರ್ಚಿನಲ್ಲಿ ನಿನ್ನ ಫೋಟೋ ಹಾಕಿದರು, ನಮ್ಮ ಕರಿಯರ ಸಮಾನ ಹಕ್ಕಿಗಾಗಿ ಶಾಂತಿಯಿಂದ ಮೆರವಣಿಗೆ ಹೋದವರ ಸಾಲಿನಲ್ಲಿ. ಅರವತ್ತೇಳರಲ್ಲಿ ಈ ಊರಿಗೇ ಬೆಂಕಿ ಬಿದ್ದ ಗಲಭೆಯಲ್ಲಿ ಪೊಲೀಸರು ನಿನ್ನನ್ನು ಜೈಲಿಗೆ ಹಾಕಿದಾಗ ಅಮ್ಮ ಕೇರಿಗೆಲ್ಲ "ಅಲಬಾಮಾಗೆ ಮೆರವಣಿಗೆಗೆ ಹೋಗಿದಾನೆ" ಅಂದಿದ್ದಳಲ್ಲ, ಆ ಸುಳ್ಳಿಗೆ ಈಗ ಚೌಕಟ್ಟು ಬಂತು. ಅಲ್ಲಿಯ ಮೆರವಣಿಗೆ ಮುಗಿದು ಆಗಲೇ ಎರಡು ವರ್ಷವಾಗಿತ್ತು. ಅದೂ ಯಾರಿಗೂ ನೆನಪಿಲ್ಲ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಿನ್ನ ಗೆಳೆಯ ಆಲ್ವಿನ್, ಜೈಲಿನಲ್ಲಿ ನಿನ್ನ ಪಕ್ಕದಲ್ಲೇ ಮಲಗುತ್ತಿದ್ದವನು. ಈಗ ಚರ್ಚಿನ ಹಿರಿಯ.

"ನೀನಾದ್ರೂ ನಿಜ ಹೇಳಬಾರದಾ?" ಅಂದೆ.

"ಸುಮ್ನಿರಮ್ಮ. ಜೈಲಿಗೆ ಹೋದೋರ ಫೋಟೋ ಚರ್ಚಲ್ಲಿ ಹಾಕ್ತಾರಾ?"

"ಆ ಸಾಲಲ್ಲಿರೋರೆಲ್ಲ ಮೆರವಣಿಗೆ ಹೋಗಿ ಜೈಲು ಕಂಡೋರೇ ಅಲ್ವಾ?"

"ಅದು ಬೇರೆ ಜೈಲು," ಅಂದ. ಇಂಥವರ ಹತ್ತಿರ ತಲೆ ಚಚ್ಚಿಕೊಂಡರೆ ಊದೋದು ನನ್ನ ಹಣೆಯೇ.

ಫೋಟೋ ನಾನೇ ಕೊಟ್ಟಿದ್ದು. ನಿನ್ನ ಸುಟ್ಟ ಕೈ ಕಾಣುವುದು ಅದೊಂದರಲ್ಲೇ. ಬೆಂಕಿ ಹಚ್ಚುವಾಗ ಸುಟ್ಟುಕೊಂಡೆಯೋ, ಯಾರನ್ನಾದರೂ ಹೊರಗೆಳೆಯುವಾಗಲೋ, ಮನೆಯಲ್ಲಿ ಯಾರೂ ನಿನ್ನನ್ನು ಕೇಳಲಿಲ್ಲ. ಚರ್ಚಿನವರೂ ನನ್ನನ್ನು ಕೇಳಲಿಲ್ಲ. ಫೋಟೋವನ್ನು ಭುಜದಿಂದ ಕೆಳಗೆ ಕತ್ತರಿಸಿ ಹಾಕಿದ್ದಾರೆ.