ಲಿಂಗಕ್ಕೆ ಸೋಸಿದ ನೀರು

ಔರಾದ, ಫಸಲಿ ೧೩೩೫ (ಕ್ರಿ.ಶ. ೧೯೨೬)

ಅವ್ವಾ,

ಈ ಬೇಸಿಗೆಯಲ್ಲಿ ನಮ್ಮ ಓಣಿಯ ಒಬ್ಬರ ಕಾಲಿನಲ್ಲೂ ನಾರುಹುಣ್ಣು ಎದ್ದಿಲ್ಲ! ಇಂದು ಇಪ್ಪತ್ತಾರು ಮನೆಗೂ ಹೋಗಿ ನಾನೇ ನೋಡಿ ಬಂದೆ.

ಹೋದ ವರ್ಷ ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದವನು ಮನೆಮನೆ ಸುತ್ತಿದ್ದೆ. ಮೆಟ್ಟಿಲು ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದಂಥ ಹುಳುಗಳಿವೆ, ಅವೇ ಹೊಟ್ಟೆ ಸೇರಿ ಬೆಳೆದು ಕಾಲಿನ ಹುಣ್ಣಿನಿಂದ ನಾರಿನಂತೆ ಹೊರಬರುತ್ತವೆ, ಅರಿವೆಯಲ್ಲಿ ಸೋಸಿ ಕುಡಿಯಿರಿ ಎಂದು ಗಂಟಲು ಹರಿದುಕೊಂಡೆ.

"ಕಣ್ಣಿಗಿ ಕಾಣಲ್ಲ ಅಂತಿ, ಮತ್ತ ನಿನಗ ಹ್ಯಾಂಗ ಕಂಡ್ವೋ ತಮ್ಮಾ?" ಎಂದಳು ಎದುರುಮನೆಯ ಕಸ್ತೂರಿಬಾಯಿ. ಅವಳ ಕಟ್ಟೆಯ ಮೇಲೆ ಕೂಡಿದ್ದವರೆಲ್ಲ ನಕ್ಕರು.

ನಗದೆ ಕೂತಿದ್ದವಳು ಪಕ್ಕದ ಮನೆಯ ಈರಮ್ಮತ್ತೆ ಒಬ್ಬಳೇ. "ಪೂಜಿಗಿ ನಾವು ನೀರು ಸೋಸೇ ತರ್ತೀವಿ. ಎದಿ ಮ್ಯಾಲಿನ ಲಿಂಗಕ್ಕ ಸೋಸಿದ್ದು, ಅದನ್ನ ಕಟ್ಟಿಕೊಂಡ ಮೈಗಿ ಸೋಸಲಾರದ್ದು. ಇದ್ಯಾವ ನ್ಯಾಯರೀ?" ಎಂದವಳೇ ಹಳೆಯ ಸೀರೆ ಹರಿದು ಕುಡಿಯುವ ಕೊಡದ ಬಾಯಿಗೆ ಕಟ್ಟಿದಳು. ನನ್ನ ಪುಸ್ತಕಗಳು ಹೇಳದ ಮಾತು ಅದು. ಮರುದಿನದಿಂದ ನಾನೂ ಅದನ್ನೇ ಹೇಳಿದೆ. ತಿಂಗಳೊಳಗೆ ಅರಿವೆ ಕಟ್ಟದ ಕೊಡವೇ ಓಣಿಯಲ್ಲಿ ಉಳಿಯಲಿಲ್ಲ.

ಇಂದು ಕಸ್ತೂರಿಬಾಯಿಯೇ ಕರೆದು ಬಾಯಿಗೆ ಬೆಲ್ಲ ಹಾಕಿದಳು. "ನಿನ್ನ ಕಾಲೇಜು ನಮ್ಮ ಕಾಲು ಉಳಿಸ್ತೋ ತಮ್ಮಾ!" ಪರೀಕ್ಷೆ ಪಾಸಾದಾಗಲೂ ನಾನು ಇಷ್ಟು ಹಿಗ್ಗಿರಲಿಲ್ಲ.

ನೀನೂ ಲಿಂಗಕ್ಕಷ್ಟೇ ಸೋಸಿ, ಉಳಿದದ್ದನ್ನು ಹಾಗೆಯೇ ಕುಡಿದವಳು. ಕಾಲಿನ ಹುಣ್ಣು ನಂಜಾಗಿ ನಿನ್ನನ್ನು ಒಯ್ಯುವ ಎರಡು ವರ್ಷ ಮೊದಲೇ ನಾನು ಆ ಪಾಠ ಓದಿದ್ದೆ. ಓದಲು ಬಾರದ ಅವ್ವನಿಗೆ ಏನೆಂದು ಬರೆಯುವುದು ಎಂದು ಬರೆಯಲಿಲ್ಲ; ರಜೆಗೆ ಬಂದಾಗ ಹೇಳಲೂ ಇಲ್ಲ.

ಈಗ ಬರೆಯುತ್ತಿದ್ದೇನೆ: ನೀರು ಸೋಸಿ ಕುಡಿ, ಅವ್ವಾ.